ಸುಣ್ಣ ತೊಳೆದ ಮೇಲೆ ಸಿಕ್ಕ ಟೋಬಾ ಬೂದಿ

ಟೋಬಾ ಜ್ವಾಲಾಮುಖಿಯ ಬೂದಿ ತರುತ್ತೇನೆ ಅಂದಾಗ, "ಅದರಲ್ಲಿ ಅರ್ಧಕ್ಕರ್ಧ ಹೊಳೆ ಮಣ್ಣು, ಸುಮ್ನೆ ದುಡ್ಡು ಹಾಳು" ಎಂದು ಲ್ಯಾಬಿನಲ್ಲಿ ಇಬ್ಬರು ನಕ್ಕಿದ್ದರು. ಪೂರ್ತಿ ಸುಳ್ಳೇನಲ್ಲ. ಆಂಧ್ರದ ಬನಗಾನಪಲ್ಲಿ ಹತ್ತಿರದ ಜ್ವಾಲಾಪುರದಲ್ಲಿ ಬೂದಿ ಎರಡೂವರೆ ಮೀಟರ್ ದಪ್ಪವಿದೆ. ಆದರೆ 74,000 ವರ್ಷದ ಹಿಂದೆ ಇಂಡೋನೇಷ್ಯಾದ ಸುಮಾತ್ರಾದಲ್ಲಿ ಟೋಬಾ ಸಿಡಿದಾಗ ಹಾರಿ ಬಂದು ನೇರವಾಗಿ ಬಿದ್ದದ್ದು ತಳದ ನಾಲ್ಕೈದು ಸೆಂಟಿಮೀಟರ್ ಮಾತ್ರ. ಮೇಲಿನದ್ದೆಲ್ಲ ಮಳೆನೀರು ಗುಡಿಸಿ ತಂದು ಸುರಿದದ್ದು. ನಾನು ಬೇಕಂತಲೇ ಮೇಲಿನದ್ದನ್ನೇ ತಂದೆ.

ಮೊದಲ ಪೆಟ್ಟು ಬಿದ್ದದ್ದು ಜೇಬಿಗೆ. ಬೂದಿಯಿಂದ ಜ್ವಾಲಾಮುಖಿ ಗಾಜಿನ ಚೂರು ಬೇರ್ಪಡಿಸಲು ಬೇಕಾದ ಭಾರದ ದ್ರವಕ್ಕೆ, ಅಂದರೆ ಸೋಡಿಯಂ ಪಾಲಿಟಂಗ್‌ಸ್ಟೇಟ್ ಅರ್ಧ ಕಿಲೋಗೆ ಮೂವತ್ತು ಸಾವಿರದ ಹತ್ತಿರ ಕೊಟ್ಟಿದ್ದೆ. ಆ್ಯಸಿಡ್ ಹಾಕಿ ಬೂದಿಯಲ್ಲಿನ ಸುಣ್ಣ ಕರಗಿಸಿದೆ, ಎರಡು ಸಲ ತೊಳೆದೆ, ಸಾಕು ಅಂದುಕೊಂಡೆ. ಮಾದರಿ ಸುರಿದ ಸ್ವಲ್ಪ ಹೊತ್ತಿಗೆ ದ್ರವ ನೀರುಮಜ್ಜಿಗೆಯಂತಾಯಿತು! ಉಳಿದಿದ್ದ ಕ್ಯಾಲ್ಸಿಯಂ ಟಂಗ್‌ಸ್ಟೇಟನ್ನು ಹಿಡಿದು ಕೂತಿತ್ತು. ಅದರ ಮೇಲೆ ಬೀಕರನ್ನು ಬೋರ್‌ವೆಲ್ ನೀರಲ್ಲಿ ಜಾಲಿಸಿದ್ದೆ ಬೇರೆ, ಅದರಲ್ಲೂ ಕ್ಯಾಲ್ಸಿಯಂ. ಮುಕ್ಕಾಲು ಭಾಗ ಚರಂಡಿ ಪಾಲು.

ಈಗ ಡಿಸ್ಟಿಲ್ಡ್ ನೀರಲ್ಲಿ ಏಳೆಂಟು ಸಲ ತೊಳೆಯುತ್ತೇನೆ. ದ್ರವದ ಸಾಂದ್ರತೆ 2.45ಕ್ಕೆ ನಿಲ್ಲಿಸಿದರೆ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ಖನಿಜಗಳು ತಳಕ್ಕೆ, ಹಗುರ ಗಾಜು ಮೇಲಕ್ಕೆ. ಮೈಕ್ರೋಸ್ಕೋಪಿನಲ್ಲಿ ಒಡೆದ ಗುಳ್ಳೆಯ ಗೋಡೆಗಳು ಕಾಣುತ್ತವೆ, ಕೆಲವು ಇಂಗ್ಲಿಷ್ ವೈ ಅಕ್ಷರದ ಹಾಗೆ. ನಿಕೋಲ್ (ಬೆಳಕು ಸೋಸುವ ಧ್ರುವಕ) ಅಡ್ಡ ಹಾಕಿದ ತಕ್ಷಣ ಎಲ್ಲ ಕಪ್ಪು, ಗಾಜಿನ ಗುರುತೇ ಅದು. ಆ ಕಪ್ಪು ನೋಡಿದ ದಿನ ನಕ್ಕವರಿಗೆ ನಾನೇ ಕಾಫಿ ಕೊಡಿಸಿದೆ.

ಎಲೆಕ್ಟ್ರಾನ್ ಬೀಮ್ ಬಿಟ್ಟು ಚೂರಿನಲ್ಲಿ ಯಾವ ಧಾತು ಎಷ್ಟಿದೆ ಅಂತ ಅಳೆಯುವ ಪ್ರೋಬಿನಲ್ಲೂ ಒಂದು ದಿನದ ಬಾಡಿಗೆ ದಂಡವಾಯಿತು. ಒಂದು ಮೈಕ್ರಾನ್ ಬೀಮ್ ಇಟ್ಟಿದ್ದೆ, ಗಾಜಿನ ಸೋಡಿಯಂ ಎದುರಲ್ಲೇ ಓಡಿಹೋಯಿತು. ಹತ್ತು ಮೈಕ್ರಾನಿಗೆ ಹರಡಿ, ಸೋಡಿಯಮ್ಮನ್ನೇ ಮೊದಲು ಎಣಿಸಿದ ಮೇಲೆ ದಾರಿಗೆ ಬಂತು. ಎಲ್ಲ ಕೂಡಿ ಒಟ್ಟು ಶೇಕಡಾ 95ರ ಆಸುಪಾಸು ಬಂದರೆ ಗಾಬರಿ ಬೇಡ, ಗಾಜು ನೀರು ಕುಡಿದಿರುತ್ತದೆ. ನೀರು ಬಿಟ್ಟು ಲೆಕ್ಕ ಹಾಕಿದರೆ ಸಿಲಿಕಾ 77, ಅಲ್ಯೂಮಿನಾ ಹನ್ನೆರಡೂವರೆ, ಪೊಟ್ಯಾಶ್ ಐದು, ಕಬ್ಬಿಣ ಒಂದಕ್ಕಿಂತ ಕಮ್ಮಿ. ಟೋಬಾ ರಯೋಲೈಟಿನದೇ (ಸಿಲಿಕಾ ಹೆಚ್ಚಿರುವ ಜ್ವಾಲಾಮುಖಿ ಶಿಲೆ) ಜಾತಕ. ತಳದ ಪದರದ್ದೂ ಇದೇ ಲೆಕ್ಕ. ಪಾಲಿಶ್ ಮಾಡುವಾಗ ಚೂರು ಕಿತ್ತು ಬರದಂತೆ, ಅವನ್ನು ಕೂರಿಸುವ ಎಪಾಕ್ಸಿ ಅಂಟಿಗೆ ಏನು ಮಾಡುತ್ತೇನೆ ಅನ್ನೋದು ಮಾತ್ರ ಸದ್ಯ ನನ್ನ ಹತ್ತಿರವೇ ಇರಲಿ.

ಅಲ್ಲಿನವರು ಈ ಬೂದಿಯನ್ನು ಅಗೆದು ಪಾತ್ರೆ ತೊಳೆಯುವ ಪುಡಿಗೆ ಮಾರುತ್ತಾರೆ. ಮಿಕ್ಕಿದ್ದರಲ್ಲಿ ನಾನೂ ಮನೆಯ ಹಿತ್ತಾಳೆ ಚೊಂಬು ಉಜ್ಜಿ ನೋಡಿದೆ. ಫಳಫಳ ಅಂತು, ಆದರೆ ಮೈತುಂಬಾ ಗೀರು. ಗಾಜಲ್ವಾ! ಅಮ್ಮ ಇನ್ನೂ ಬೈಯುತ್ತಾರೆ.

ಈಗ ಅದೇ ಬೂದಿಯ ಬಯೋಟೈಟಿನ (ಕರಿ ಅಭ್ರಕದ) ಹಿಂದೆ ಬಿದ್ದಿದ್ದೇನೆ. ಮೂರು ಕಿಲೋ ಜರಡಿ ಹಿಡಿದರೂ ಕೈಗೆ ಸಿಕ್ಕಿದ್ದು ಹನ್ನೊಂದು ಚಕ್ಕೆ, ಅದರಲ್ಲಿ ನಾಲ್ಕು ತುಕ್ಕು ಬಣ್ಣಕ್ಕೆ ತಿರುಗಿವೆ.