ಕಾನ್ಫಿಗರ್ ಹೇಳಿದ ಸುಳ್ಳು

ಹದಿನೈದು ವರ್ಷದಿಂದ ಯಾರೂ ಮುಟ್ಟದ ಒಂದು ಸಿ ಪ್ರೋಗ್ರಾಂ. ಲಾಗ್ ಫೈಲುಗಳಲ್ಲಿ ಪದ ಹುಡುಕಲು ನನಗೆ ಅದೇ ಬೇಕು, ಕೈಗೆ ಒಗ್ಗಿಹೋಗಿದೆ. ಹಳೆಯ 32 ಬಿಟ್ ಯಂತ್ರದಲ್ಲಿ ನಾಲ್ಕಾರು ವಾರ್ನಿಂಗ್ ಉದುರಿಸಿ ಬಿಲ್ಡ್ ಆಗುತ್ತಿತ್ತು, ಅಂದರೆ ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಾಗುತ್ತಿತ್ತು. ಹೊಸ 64 ಬಿಟ್ ಯಂತ್ರದಲ್ಲಿದ್ದದ್ದು ಜಿಸಿಸಿ 14, ಸಿ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್. ಯಂತ್ರದಲ್ಲಿ ಏನೇನಿದೆ ಎಂದು ನೋಡುವ ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸಿ, ಬಿಲ್ಡ್ ಮಾಡುವ ಮೇಕ್ ಕೊಟ್ಟೆ, ಪರದೆ ತುಂಬ ಎರರ್.

ಇಂಥ ಹೊತ್ತಿನಲ್ಲಿ ಕೊನೆಯ ಸಾಲು ಓದಿ ಉಪಯೋಗವಿಲ್ಲ. ಔಟ್‌ಪುಟ್ಟನ್ನು ಫೈಲಿಗೆ ಹಾಕಿಕೊಂಡು ಮೊದಲ ಎರರ್ ಹುಡುಕಿದೆ: ಸ್ಟ್ರ್‌ಕೇಸ್‌ಸ್ಟ್ರ್ ಫಂಕ್ಷನ್ ಡಿಕ್ಲೇರ್ ಆಗಿಲ್ಲ. ದೊಡ್ಡ, ಚಿಕ್ಕ ಅಕ್ಷರದ ಭೇದವಿಲ್ಲದೆ ಪದ ಹುಡುಕುವ ಫಂಕ್ಷನ್ ಅದು; ಅದು ಏನು ವಾಪಸ್ ಕೊಡುತ್ತದೆ ಎಂದು ಕಂಪೈಲರ್‌ಗೆ ಮೊದಲೇ ಹೇಳುವುದೇ ಡಿಕ್ಲೇರ್ ಮಾಡುವುದು. ಡಿಕ್ಲೇರ್ ಮಾಡದೆ ಫಂಕ್ಷನ್ ಕರೆಯುವುದನ್ನು 1999ರ ಸಿ ಸ್ಟ್ಯಾಂಡರ್ಡೇ ಕೈಬಿಟ್ಟಿತ್ತು. ಜಿಸಿಸಿ ಮಾತ್ರ ಇಷ್ಟು ಕಾಲ ವಾರ್ನಿಂಗ್ ಕೊಟ್ಟು ಸುಮ್ಮನಾಗುತ್ತಿತ್ತು. 2024ರಲ್ಲಿ ಬಂದ 14ನೇ ಆವೃತ್ತಿ ಅದನ್ನು ಎರರ್ ಮಾಡಿತು.

ನಾನು ಸೋಮಾರಿತನ ಮಾಡಿದೆ. ಮೇಕ್ ಕೊಡುವಾಗ ಎಫ್‌ಪರ್ಮಿಸಿವ್ ಫ್ಲ್ಯಾಗ್ ಸೇರಿಸಿದೆ. ಎರರ್‌ಗಳು ಮತ್ತೆ ವಾರ್ನಿಂಗ್ ಆದವು. ಹಲವು ಫೈಲು ಸೇರಿಸಿಕೊಳ್ಳುವ ಒಂದು ಹೆಡರ್ ಫೈಲಿನಲ್ಲಿ ಎಕ್ಸ್‌ಟರ್ನ್ ಇಲ್ಲದ ವೇರಿಯಬಲ್ ಇತ್ತು; ತುಣುಕುಗಳನ್ನು ಜೋಡಿಸುವ ಲಿಂಕರ್ 'ಮಲ್ಟಿಪಲ್ ಡೆಫಿನಿಶನ್' ಎಂದು ಕೂಗಿತು. ಅದು ಜಿಸಿಸಿ 10ರಿಂದ ಬಂದ ಹಳೆಯ ಕತೆ, ಎರಡು ನಿಮಿಷದ ಕೆಲಸ. ಬಿಲ್ಡ್ ಮುಗಿಯಿತು. ಒಂದು ಪದ ಹುಡುಕಲು ಕೊಟ್ಟೆನೋ ಇಲ್ಲವೋ, ಸೆಗ್‌ಫಾಲ್ಟ್: ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಂ ಸತ್ತಿತು.

ತಪ್ಪು ಹುಡುಕುವ ಜಿಡಿಬಿಯಲ್ಲಿ ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ, ನೋಡಿದೆ. ಹುಡುಕುತ್ತಿದ್ದ ಬಫರಿನ ವಿಳಾಸದಲ್ಲಿ ಹನ್ನೆರಡು ಹೆಕ್ಸ್ ಅಂಕಿ. ಫಂಕ್ಷನ್ ವಾಪಸ್ ಕೊಟ್ಟದ್ದರಲ್ಲಿ ಎಂಟೇ. ಮೊದಲ ನಾಲ್ಕು ಅಂಕಿ, 5555, ಮಾಯ. ಡಿಕ್ಲರೇಶನ್ ಕಾಣದ ಕಂಪೈಲರ್, ಇದು ಇಂಟ್ (32 ಬಿಟ್ ಪೂರ್ಣಾಂಕ) ಕೊಡುವ ಫಂಕ್ಷನ್ ಎಂದುಕೊಂಡು 64 ಬಿಟ್ ವಿಳಾಸದ ಮೇಲಿನ ಅರ್ಧವನ್ನು ಬಿಸಾಕಿತ್ತು. ಹಳೆಯ ಯಂತ್ರದಲ್ಲಿ ಇಂಟ್ ಮತ್ತು ಪಾಯಿಂಟರ್ ಎರಡೂ ನಾಲ್ಕೇ ಬೈಟ್, ಅಲ್ಲಿ ಬಚಾವಾಗಿದ್ದೆ. ಅಂದರೆ ಫ್ಲ್ಯಾಗ್ ಹಾಕಿ ನಾನು ಬಾಯಿ ಮುಚ್ಚಿಸಿದ್ದು ಸರಿಯಾಗಿ ಎಚ್ಚರಿಸುತ್ತಿದ್ದ ಕಂಪೈಲರನ್ನೇ.

ಈ ಫಂಕ್ಷನ್ ಹೆಡರ್‌ನಲ್ಲಿ ಕಾಣಬೇಕಾದರೆ ಗ್ನೂ ಸೋರ್ಸ್ ಎಂಬ ಮ್ಯಾಕ್ರೋ (ಕೋಡಿನಲ್ಲಿ ಇಡುವ ಒಂದು ಗುರುತು) ಡಿಫೈನ್ ಆಗಿರಬೇಕು. ಹೆಡರ್‌ಗಳನ್ನು ಸೇರಿಸಿಕೊಳ್ಳುವ ಇನ್‌ಕ್ಲೂಡ್ ಸಾಲುಗಳ ಕೆಳಗೆ ಬರೆದೆ, ಏನೂ ಆಗಲಿಲ್ಲ. ಮೊದಲ ಹೆಡರ್ ಓದುವಾಗಲೇ ಆ ತೀರ್ಮಾನ ಆಗಿಬಿಡುತ್ತದೆ. ಫೈಲಿನ ಮೊದಲ ಸಾಲಿಗೆ ಒಯ್ದ ಮೇಲೆ ಸರಿಹೋಯಿತು. ಅದು ಜಿಸಿಸಿ 10ರಿಂದ ಬಂದ ಹಳೆಯ ಕತೆ, ಎರಡು ನಿಮಿಷದ ಕೆಲಸ.

ಇಷ್ಟೆಲ್ಲ ಆದಮೇಲೂ ಜಿಝಿಪ್‌ನಿಂದ ಒತ್ತಿ ಚಿಕ್ಕದಾಗಿಸಿದ ಲಾಗ್‌ಗಳು ತೆರೆಯಲಿಲ್ಲ. ಅವನ್ನು ಬಿಡಿಸುವ ಲೈಬ್ರರಿ ಝಡ್‌ಲಿಬ್ ಇದೆ, ಅದರ ಹೆಡರ್‌ಗಳೂ ಇವೆ. ಅರ್ಧ ದಿನ ತಿಂದದ್ದು ಇದು. ಕೊನೆಗೆ ಕಾನ್ಫಿಗರ್ ತಾನು ನೋಡಿದ್ದನ್ನೆಲ್ಲ ಬರೆದಿಡುವ ಕಾನ್ಫಿಗ್ ಡಾಟ್ ಲಾಗ್ ತೆರೆದೆ. ಝಡ್‌ಲಿಬ್ ಇದೆಯೇ ಎಂದು ನೋಡಲು ಕಾನ್ಫಿಗರ್ ಒಂದು ಪುಟ್ಟ ಪ್ರೋಗ್ರಾಂ ಕಂಪೈಲ್ ಮಾಡುತ್ತದೆ. ಅದರಲ್ಲಿ ಮೇನ್‌ನ ಹಿಂದೆ ಇಂಟ್ ಇಲ್ಲ, ಎಕ್ಸಿಟ್ ಕರೆದಿದ್ದಾರೆ ಆದರೆ ಸ್ಟ್ಯಾಂಡರ್ಡ್ ಲೈಬ್ರರಿಯ ಹೆಡರ್ ಇಲ್ಲ. ಜಿಸಿಸಿ 14 ಅದನ್ನೇ ತಿರಸ್ಕರಿಸಿತ್ತು. ಕಾನ್ಫಿಗರ್‌ಗೆ ಅದೆಲ್ಲ ಗೊತ್ತಾಗುವುದಿಲ್ಲ; ಕಂಪೈಲ್ ಆಗಲಿಲ್ಲ, ಹಾಗಾಗಿ ಝಡ್‌ಲಿಬ್ 'ನೋ' ಎಂದು ಬರೆದು ಮುಂದೆ ಹೋಯಿತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಫ್ಲ್ಯಾಗನ್ನು ನಾನು ಮೇಕ್‌ಗೆ ಮಾತ್ರ ಕೊಟ್ಟಿದ್ದರಿಂದ ಅದು ಇಲ್ಲಿಗೆ ತಲುಪಿರಲೂ ಇಲ್ಲ.

ಆ ಪುಟ್ಟ ಪ್ರೋಗ್ರಾಮಿನ ಎರಡು ಸಾಲು ತಿದ್ದಿದೆ, ಮೇಕ್ ಕ್ಲೀನ್ ಮಾಡಿ ಕಾನ್ಫಿಗರ್‌ನಿಂದ ಮತ್ತೆ ಶುರುಮಾಡಿದೆ. ಈ ಸಲ ಝಡ್‌ಲಿಬ್ ಮುಂದೆ 'ಎಸ್' ಬಂತು.