ಉಪಗ್ರಹದ ಒಂದು ಚೌಕ, ಹೊಲದ ಒಂದು ಗುಂಟೆ

ಕಲಬುರಗಿ ಕಡೆ ನಾಲ್ಕು ಎಕರೆ ತೊಗರಿ ಹಾಕಿದ್ದೀರಿ ಅಂದುಕೊಳ್ಳಿ. ಅಕ್ಟೋಬರ್ ಹೊತ್ತಿಗೆ ಗಿಡ ಎದೆಮಟ್ಟ ಬಂದಿರುತ್ತದೆ. ಬದುವಿನ ಮೇಲೆ ನಿಂತರೆ ಅಂಚಿನ ಕೆಲವು ಸಾಲು ಕಾಣುತ್ತವೆ, ಹೊಲದ ನಡುವೆ ಏನಾಗಿದೆಯೋ ಗೊತ್ತಾಗುವುದಿಲ್ಲ.

ಮೇಲಿನಿಂದ ನೋಡಬಹುದು. ಅದಕ್ಕೆ ದುಡ್ಡೂ ಬೇಕಿಲ್ಲ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು 5 ದಿನಕ್ಕೊಮ್ಮೆ ನಮ್ಮ ಹೊಲಗಳ ಚಿತ್ರ ತೆಗೆಯುತ್ತವೆ. ಆ ಚಿತ್ರದ ಒಂದು ಚೌಕ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ 100 ಚದರ ಮೀಟರ್. ನಮ್ಮ ಗುಂಟೆ ಸುಮಾರು 101 ಚದರ ಮೀಟರ್. ಗುಂಟೆಗೊಂದು ಚೌಕ ಸಿಕ್ಕ ಹಾಗಾಯಿತು, ಅಲ್ವಾ? ನಾಲ್ಕು ಎಕರೆಗೆ 160.

ಮೊದಲು ಹೊಲದ ಮೂಲೆಗಳನ್ನು ಗುರುತಿಸಿಕೊಳ್ಳಿ. ಪ್ರತಿ ಮೂಲೆಯಲ್ಲೂ ಒಂದು ನಿಮಿಷ ನಿಂತು ಫೋನಿನ ಮ್ಯಾಪಿನಲ್ಲಿ ಆ ಜಾಗ ಸೇವ್ ಮಾಡಿ. ಮರದ ಕೆಳಗೆ ನಿಲ್ಲಬೇಡಿ. ಬಯಲಲ್ಲೂ ಫೋನಿನ ಜಿಪಿಎಸ್ 3ರಿಂದ 5 ಮೀಟರ್ ಅತ್ತಿತ್ತ ಆಗುತ್ತದೆ. ಬೆಳೆ ನೋಡಲು ಇಷ್ಟು ಸಾಕು. ಬದುವಿನ ತಕರಾರಿಗೆ ಮಾತ್ರ ಇದನ್ನು ನಂಬಬೇಡಿ, ಅದಕ್ಕೆ ಸರ್ವೆಯವರೇ ಬೇಕು.

ಆಮೇಲೆ ಈ ಉಪಗ್ರಹ ಚಿತ್ರಗಳನ್ನು ಪುಕ್ಕಟೆ ತೋರಿಸುವ ಕೋಪರ್ನಿಕಸ್ ಬ್ರೌಸರ್ ಎಂಬ ವೆಬ್‌ಸೈಟ್ ತೆರೆಯಿರಿ. ಕಂಪ್ಯೂಟರ್ ಇದ್ದರೆ ಸಲೀಸು. ನಿಮ್ಮ ಹೊಲ ಹುಡುಕಿ, ಸೆಂಟಿನೆಲ್-2 ಆರಿಸಿ, ಮೋಡವಿಲ್ಲದ ದಿನಾಂಕ ಹಿಡಿಯಿರಿ. ಜುಲೈ, ಆಗಸ್ಟಿನಲ್ಲಿ ಇದೇ ಕಷ್ಟ, ವಾರಗಟ್ಟಲೆ ಬರೀ ಮೋಡವೇ ಸಿಗಬಹುದು. ಮಳೆಗಾಲ ಹಿಂದೆ ಸರಿದ ಮೇಲೆ ಚಿತ್ರ ತಿಳಿಯಾಗುತ್ತದೆ.

ಈಗ ಎನ್‌ಡಿವಿಐ ಪದರ ಒತ್ತಿ. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ವಾಪಸ್ ಎಸೆಯುತ್ತದೆ. ಈ ವ್ಯತ್ಯಾಸದ ಲೆಕ್ಕವೇ ಎನ್‌ಡಿವಿಐ. ಬರಿ ನೆಲ 0.1, 0.2ರ ಆಸುಪಾಸು ಇರುತ್ತದೆ. ದಟ್ಟ ಬೆಳೆ 0.7 ದಾಟುತ್ತದೆ. ಆದರೆ ಕಳೆಯೂ ಹಸಿರೇ! ಬದುವಿನ ಬೇವಿನ ಮರವೂ ಹಸಿರೇ. ಹಾಗಾಗಿ ಅಂಚಿನ ಚೌಕಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಒಂದೇ ಚಿತ್ರ ನೋಡಿ ತೀರ್ಮಾನಕ್ಕೆ ಬರಬೇಡಿ. ಮೂರು ದಿನಾಂಕ ನೋಡಿ. ಮೂರರಲ್ಲೂ ಒಂದೇ ಜಾಗ ಪೇಲವವಾಗಿದ್ದರೆ ಅಲ್ಲಿಗೆ ಹೋಗಲೇಬೇಕು. ಆ ಜಾಗವನ್ನು ಫೋನಿನ ಮ್ಯಾಪಿನಲ್ಲಿ ಗುರುತು ಮಾಡಿಕೊಂಡು, ಅದು ತೋರಿಸಿದ ಕಡೆ ಸಾಲಿನೊಳಗೆ ನಡೆಯಿರಿ.

ನನ್ನ ಪ್ರಕಾರ ನಿಜವಾದ ಕೆಲಸ ಇಲ್ಲಿಂದ ಶುರು. ಉಪಗ್ರಹ ಜಾಗ ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ನೀರು ನಿಂತಿದೆಯೇ? ಮಣ್ಣು ತೆಳುವೇ? ಗಿಡ ಒಣಗಿದ್ದರೆ ಕಾಂಡ ಸೀಳಿ ನೋಡಿ. ಒಳಗೆ ಕಪ್ಪು ಗೆರೆ ಕಂಡರೆ ನೆಟೆ ರೋಗ ಇರಬಹುದು, ಅದಕ್ಕೆ ಗೊಬ್ಬರ ಸುರಿದು ಫಲವಿಲ್ಲ. ರೋಗ ಕಾಣದಿದ್ದರೆ ಕೊಯ್ಲಿನ ನಂತರ ಆ ಜಾಗದ ಮಣ್ಣನ್ನೂ ಚೆನ್ನಾಗಿ ಬೆಳೆದ ಜಾಗದ ಮಣ್ಣನ್ನೂ ಬೇರೆ ಬೇರೆ ಚೀಲದಲ್ಲಿ ತುಂಬಿ ಪರೀಕ್ಷೆಗೆ ಕೊಡಿ. ಎರಡನ್ನೂ ಬೆರೆಸಿದರೆ ಇಷ್ಟು ಹುಡುಕಿದ್ದೆಲ್ಲ ದಂಡ. ಚೀಲದ ಮೇಲೆ ಜಿಪಿಎಸ್ ಅಂಕಿ ಬರೆದಿಡಿ. ಮುಂದಿನ ವರ್ಷ ಅದೇ ಗುಂಟೆಯಲ್ಲಿ ನಿಂತು ನೋಡಲು ಬೇಕಾಗುತ್ತದೆ.