ನೀರು ಬಿಡುವ ಗಂಟೆಯನ್ನು ಗೋಡೆಯ ಮೇಲೆ ಬರೆಸಿದ ಬಗೆ

ರಾಯಚೂರು ಜಿಲ್ಲೆಯ ಒಂದು ಪುರಸಭೆಯಲ್ಲಿ ನೀರು ಸರಬರಾಜಿನ ಹೊಣೆ ಹೊತ್ತ ಕಿರಿಯ ಅಭಿಯಂತರನಾಗಿ ನಾನು ಹಲವು ಬೇಸಿಗೆಗಳನ್ನು ಕಳೆದಿದ್ದೇನೆ. ಅದು ತುಂಗಭದ್ರಾ ಎಡದಂಡೆ ನಾಲೆಯ ಕೆಳಭಾಗದ ಊರು. ನೀರು ಕಡಿಮೆ ಬಂತೆಂದು ಅಲ್ಲಿಯ ಜನ ಕಚೇರಿಗೆ ಬಂದು ಜಗಳವಾಡಿದ್ದು ಕಡಿಮೆ. ಯಾವಾಗ ಬರುತ್ತದೆಂದು ತಿಳಿಯದೆ ಕೂಲಿ ಬಿಟ್ಟು ಮನೆಯಲ್ಲಿ ಕಾದು ಕುಳಿತದ್ದಕ್ಕೆ ಜಗಳವಾಡಿದ್ದೇ ಹೆಚ್ಚು. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಗಳೊಬ್ಬಳು ಒಮ್ಮೆ ನನ್ನ ಮೇಜಿನ ಮುಂದೆ ನಿಂತು, "ನೀರು ಎಷ್ಟರ ಬರಲಿ ಸಾಹೇಬ್ರ, ಯಾವಾಗ ಬರ್ತಾವ ಅಷ್ಟು ಹೇಳಿಬಿಡ್ರಿ, ನಾವು ಕೂಲಿಗಿ ಹೋಗಬೇಕ್ರಿ" ಎಂದಳು. ಆಕೆ ಕೇಳಿದ್ದು ನ್ಯಾಯವಾದ ಮಾತು. ನೀರಿನ ಪ್ರಮಾಣ ನಮ್ಮ ಕೈಯಲ್ಲಿ ಪೂರ್ತಿ ಇರಲಿಲ್ಲ, ಆದರೆ ಗಂಟೆ ಮಾತ್ರ ನಮ್ಮ ಕೈಯಲ್ಲೇ ಇತ್ತು.

ಪ್ರಮಾಣ ಏಕೆ ನಮ್ಮ ಕೈಯಲ್ಲಿರಲಿಲ್ಲ ಎಂಬುದನ್ನು ಮೊದಲು ಹೇಳಬೇಕು. ಎಡದಂಡೆ ಮುಖ್ಯ ನಾಲೆ ಜಲಾಶಯದಿಂದ 227 ಕಿ.ಮೀ. ಹರಿದು ರಾಯಚೂರಿನತ್ತ ಬರುತ್ತದೆ. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹೆಚ್ಚಿದಷ್ಟೂ ಕೆಳಭಾಗದ ಗೇಜಿನಲ್ಲಿ ನೀರು ಇಳಿಯುತ್ತದೆ. 133 ಟಿಎಂಸಿ ಸಾಮರ್ಥ್ಯಕ್ಕೆ ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಈಗ ಲೆಕ್ಕಕ್ಕೆ ಸಿಗುವುದು ಸುಮಾರು 105 ಟಿಎಂಸಿ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಕೆಳಭಾಗದ ಊರುಗಳ ನೀರಿನ ಹೊಣೆಗಾರರೆಲ್ಲರೂ ಭತ್ತದ ಚಿಂತೆಗಿಂತ ಮೊದಲು ಮುಂದಿನ ಮೇ ತಿಂಗಳ ಚಿಂತೆಗೆ ಬಿದ್ದರು. ನೀರಾವರಿ ಸಲಹಾ ಸಮಿತಿಯ ತೀರ್ಮಾನದಂತೆ ಏಪ್ರಿಲ್‌ನಲ್ಲಿ ನಾಲೆ ಬಂದ್ ಆದರೆ ಮತ್ತೆ ನೀರು ಕಾಣುವುದು ಸಾಮಾನ್ಯವಾಗಿ ಜುಲೈನಲ್ಲಿ. ನಡುವಿನ ಹೆಚ್ಚುಕಡಿಮೆ ನೂರು ದಿನ ಊರು ಕೆರೆಯ ಮೇಲೆಯೇ ಬದುಕಬೇಕು.

ಈ ನೂರು ದಿನಗಳ ಲೆಕ್ಕವನ್ನು ಸದಸ್ಯರ ಮುಂದೆ ಹಲಗೆಯ ಮೇಲೆ ಬರೆದು ತೋರಿಸಿದ್ದು ನನಗೆ ಬಹಳ ಉಪಯೋಗಕ್ಕೆ ಬಂತು. ಒಳಚರಂಡಿ ಇಲ್ಲದ, ಕೊಳವೆ ನೀರಿರುವ ಊರಿಗೆ ತಲೆಗೆ ದಿನಕ್ಕೆ 70 ಲೀಟರ್ ಎಂಬುದು ಕೇಂದ್ರದ ಮಾನದಂಡ. 25,000 ಜನಸಂಖ್ಯೆಗೆ ದಿನಕ್ಕೆ 17.5 ಲಕ್ಷ ಲೀಟರ್, ನೂರು ದಿನಕ್ಕೆ 17.5 ಕೋಟಿ ಲೀಟರ್ ಆಯಿತು. ಕೆರೆಯ ಹರವು 20 ಎಕರೆ ಎಂದಿಟ್ಟುಕೊಳ್ಳಿ. ನಮ್ಮ ಕಡೆಯ ಬೇಸಿಗೆಯಲ್ಲಿ ದಿನಕ್ಕೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ನೀರು ಆವಿಯಾಗಿ ಹೋಗುತ್ತದೆ. ನೂರು ದಿನಕ್ಕೆ ಒಂದು ಮೀಟರ್, ಅಂದರೆ ಸುಮಾರು 8 ಕೋಟಿ ಲೀಟರ್. ಊರು ಕುಡಿಯುವುದರ ಅರ್ಧದಷ್ಟನ್ನು ಬಿಸಿಲೇ ಕುಡಿಯುತ್ತದೆ. ಇದನ್ನು ನೋಡಿದ ಮೇಲೆ "ಕೆರೆ ತುಂಬೈತಲ್ಲ, ದಿನಾ ಯಾಕ ನೀರು ಬಿಡಂಗಿಲ್ಲ" ಎಂಬ ಪ್ರಶ್ನೆ ಸಭೆಯಲ್ಲಿ ಮತ್ತೆ ಏಳಲಿಲ್ಲ. ಮಾರ್ಚ್ ತಿಂಗಳಲ್ಲೇ, ನಾಲೆ ಹರಿಯುತ್ತಿರುವಾಗಲೇ, ಕೆರೆಯನ್ನು ಅಂಚಿನವರೆಗೆ ತುಂಬಿಸಿಕೊಳ್ಳುವುದೇ ನಮ್ಮ ವರ್ಷದ ದೊಡ್ಡ ಕೆಲಸ. ಆ ದಿನಗಳಲ್ಲಿ ಜಿಲ್ಲಾಡಳಿತವು ಅಕ್ರಮ ಪಂಪ್‌ಸೆಟ್‌ಗಳನ್ನು ತಡೆಯಲು ನಾಲೆಯುದ್ದಕ್ಕೂ ನಿಷೇಧಾಜ್ಞೆ ಹೊರಡಿಸುವುದುಂಟು. ಆಗ ಕಂದಾಯ, ಪೊಲೀಸ್, ವಿದ್ಯುತ್ ಕಂಪನಿ ಜೆಸ್ಕಾಂ ಮತ್ತು ನೀರಾವರಿ ಇಲಾಖೆಯವರ ಜೊತೆ ಪುರಸಭೆಯ ಸಿಬ್ಬಂದಿಯೂ ರಾತ್ರಿ ಗಸ್ತಿಗೆ ಹೋಗಲೇಬೇಕು, ಹೋಗದಿದ್ದರೆ ನಮ್ಮ ಪಾಲು ಬರುವುದಿಲ್ಲ.

ಇನ್ನು ಗಂಟೆಯ ವಿಷಯ. ಊರಿನ ಕೊಳವೆ ಜಾಲದ ನಕ್ಷೆ ಕಚೇರಿಯಲ್ಲಿತ್ತು, ಆದರೆ ಅದು ಯೋಜನೆ ಮಾಡಿದ ಕಾಲದ ನಕ್ಷೆ. ಆಮೇಲೆ ಜೋಡಿಸಿದ ಕೊಳವೆಗಳೂ ಮಣ್ಣಲ್ಲಿ ಮುಚ್ಚಿಹೋದ ವಾಲ್‌ಗಳೂ ಅದರಲ್ಲಿರಲಿಲ್ಲ. ನಿಜವಾದ ನಕ್ಷೆ ಇದ್ದದ್ದು ವಾಲ್‌ಮನ್‌ಗಳ ತಲೆಯಲ್ಲಿ. ಆದ್ದರಿಂದ ನಾನು ನಸುಕಿನಲ್ಲಿ ಅವರೊಂದಿಗೆ ನಡೆದು, ಪ್ರತಿಯೊಂದು ಚೇಂಬರ್ ಮುಚ್ಚಳ ತೆಗೆಸಿ, ಸಂಖ್ಯೆ ಬರೆಸಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ. ಎಲ್ಲರಿಗಿಂತ ಹಿರಿಯರಾದ ವಾಲ್‌ಮನ್ ಒಬ್ಬರು ಉದ್ದನೆಯ ಚಾವಿಯನ್ನು ಚೇಂಬರಿಗೆ ಇಳಿಸಿ, ಕೊಳವೆಯ ಸದ್ದಿಗೆ ಕಿವಿಗೊಟ್ಟು ತಿರುವುತ್ತ, "ಇದು ಪೂರಾ ತೆಗದ್ರ ಎಂಟು ಸುತ್ತು ಆಗ್ತದ ಸರ. ಪೂರಾ ತೆಗದ್ರ ಮ್ಯಾಲಿನ ಓಣಿಯವ್ರು ಕೊಡಪಾನ ತೊಳಕೋತ ಕುಂದರ್ತಾರ, ತೆಳಗಿನ ಓಣಿಗಿ ಹನಿ ಬರಂಗಿಲ್ಲ. ಐದು ಸುತ್ತಿಗಿ ನಿಂದ್ರಸ್ರಿ, ಇಬ್ರಿಗೂ ಬರೋಬರಿ ಆಗ್ತಾವ" ಎಂದರು. ಅವರ ಆ ಐದು ಸುತ್ತು ನಮ್ಮ ವೇಳಾಪಟ್ಟಿಯ ಒಂದು ಕಾಲಮ್ ಆಯಿತು. ಯಾವ ವಾಲ್, ಎಷ್ಟು ಸುತ್ತು, ಯಾವ ಗಂಟೆಗೆ ತೆಗೆದದ್ದು, ಯಾವ ಗಂಟೆಗೆ ಮುಚ್ಚಿದ್ದು, ಕೊನೆಯ ಮನೆಯ ನಲ್ಲಿಯಲ್ಲಿ ಒಂದು ಕೊಡ ತುಂಬಲು ಎಷ್ಟು ಹೊತ್ತು ಹಿಡಿಯಿತು: ಇವಿಷ್ಟನ್ನು ವಹಿಯಲ್ಲಿ ದಿನವೂ ಬರೆಯುವುದು ಪದ್ಧತಿಯಾಯಿತು. ಒಂದು ಕೊಡ ತುಂಬುವ ಹೊತ್ತನ್ನು ಅಳೆಯಲು ಯಾವ ಯಂತ್ರವೂ ಬೇಡ, ಆ ಮನೆಯವರೇ ನಿಂತು ನೋಡಿ ಹೇಳುತ್ತಾರೆ. ನೀರಿನ ಒತ್ತಡವನ್ನು ಅಳೆಯಲು ಇದಕ್ಕಿಂತ ಪ್ರಾಮಾಣಿಕವಾದ ದಾರಿ ನನಗೆ ಇಂದಿಗೂ ಕಂಡಿಲ್ಲ.

ನಲ್ಲಿಗೆ ನೇರವಾಗಿ ಮೋಟಾರ್ ಹಚ್ಚುವವರಿಂದ ಕೆಳಗಿನ ಓಣಿಗಳಿಗೆ ಬಹಳ ಅನ್ಯಾಯವಾಗುತ್ತಿತ್ತು. ಜಪ್ತಿ ಮಾಡಿದರೂ ವಾರದೊಳಗೆ ಹೊಸ ಮೋಟಾರ್ ಬರುತ್ತಿತ್ತು. ಕೊನೆಗೆ, ಆಯಾ ವಲಯಕ್ಕೆ ನೀರು ಬಿಡುವ ಗಂಟೆಯಲ್ಲಿ ಆ ಫೀಡರಿನ ಕರೆಂಟು ನಿಲ್ಲಿಸುವಂತೆ ಮುಖ್ಯಾಧಿಕಾರಿಗಳ ಮೂಲಕ ಪತ್ರ ಬರೆಸಿ ಒಪ್ಪಿಸಿದೆವು. ಮೇಲ್ಮಟ್ಟದ ಟ್ಯಾಂಕಿನಿಂದ ನೀರು ತನ್ನ ಭಾರದಿಂದಲೇ ಇಳಿಯುವುದರಿಂದ ಕರೆಂಟು ಇಲ್ಲದಿದ್ದರೂ ಸರಬರಾಜಿಗೆ ತೊಂದರೆಯಿಲ್ಲ. ಇದು ಸಾಧ್ಯವಾದದ್ದು ಗಂಟೆ ನಿಗದಿಯಾಗಿತ್ತೆಂಬ ಒಂದೇ ಕಾರಣಕ್ಕೆ. ಗಂಟೆಯೇ ಇಲ್ಲದಿದ್ದರೆ ಯಾರಿಗೆ ಏನೆಂದು ಪತ್ರ ಬರೆಯುವುದು?

ಈ ವೇಳಾಪಟ್ಟಿಯನ್ನು ಅಭಿಯಂತರನ ಆದೇಶವಾಗಿ ಹೊರಡಿಸಬಾರದೆಂದು ನಾನು ಮೊದಲೇ ನಿಶ್ಚಯಿಸಿದ್ದೆ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಡಿ ಕುಡಿಯುವ ನೀರು ಚುನಾಯಿತ ಮಂಡಳಿಯ ಹೊಣೆ; ಮುಖ್ಯಾಧಿಕಾರಿ ಅದನ್ನು ಜಾರಿಗೆ ತರುವವರು, ನಾನು ಅವರಿಗೆ ಲೆಕ್ಕ ಒದಗಿಸುವವನು. ಹಾಗಾಗಿ ಸಾಮಾನ್ಯ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಿದೆವು. ತಮ್ಮ ವಾರ್ಡಿಗೆ ಬೆಳಗಿನ ಹೊತ್ತೇ ಬೇಕೆಂದು ಪ್ರತಿಯೊಬ್ಬ ಸದಸ್ಯರೂ ಪಟ್ಟು ಹಿಡಿದರು, ಅದು ಸಹಜವೂ ಹೌದು. ಬೆಳಗಿನ ಪಾಳಿಯೂ ಸಂಜೆಯ ಪಾಳಿಯೂ ಪ್ರತಿ ತಿಂಗಳು ಅದಲುಬದಲಾಗಲಿ ಎಂದು ಹಿರಿಯ ಸದಸ್ಯೆಯೊಬ್ಬರು ಸೂಚಿಸಿದರು. ಅದೇ ಠರಾವಾಗಿ ನಡಾವಳಿ ಪುಸ್ತಕ ಸೇರಿತು. ಆಮೇಲೆ ಯಾರಾದರೂ ಫೋನ್ ಮಾಡಿ "ಇವತ್ತೊಂದಿನ ನಮ್ಮ ಕಡೆ ಬಿಡಸ್ರಿ" ಎಂದರೆ, ಸಿಬ್ಬಂದಿ ಆ ಠರಾವಿನ ಪ್ರತಿಯನ್ನು ತೋರಿಸಿದರೆ ಸಾಕಾಗುತ್ತಿತ್ತು. ಅಧ್ಯಕ್ಷ–ಉಪಾಧ್ಯಕ್ಷರ ಮೀಸಲಾತಿ ತಕರಾರಿನಿಂದ ಮಂಡಳಿಯಿಲ್ಲದೆ ಆಡಳಿತಾಧಿಕಾರಿಗಳ ಕೈಗೆ ಪುರಸಭೆ ಹೋದ ಕಾಲದಲ್ಲೂ ಪಟ್ಟಿ ನಿಲ್ಲಲಿಲ್ಲ, ಏಕೆಂದರೆ ಅದು ಒಬ್ಬ ವ್ಯಕ್ತಿಯ ಮಾತಾಗಿರಲಿಲ್ಲ. ಪ್ರತಿ ಓಣಿಯ ಒಂದು ಸಾರ್ವಜನಿಕ ಗೋಡೆಯ ಮೇಲೆ ವಾರ ಮತ್ತು ಗಂಟೆಯನ್ನು ಬಣ್ಣದಲ್ಲಿ ಬರೆಸಿದೆವು. ಓದಲು ಬಾರದವರಿಗೆ ಕಸದ ಗಾಡಿಯ ಮೈಕು ಹೇಳುತ್ತಿತ್ತು.

ಹಣದ ವಿಷಯವನ್ನು ಬಿಟ್ಟು ಈ ಕೆಲಸದ ಬಗ್ಗೆ ಮಾತಾಡುವುದು ಅರ್ಧ ಮಾತಾಗುತ್ತದೆ. ಹದಿನೈದನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ನಮ್ಮಂಥ ಊರುಗಳಿಗೆ ಶೇ. 60ರಷ್ಟು ನಿರ್ಬಂಧಿತವಾಗಿತ್ತು, ಅಂದರೆ ಗೊತ್ತುಪಡಿಸಿದ ಕೆಲಸಕ್ಕೇ ಖರ್ಚು ಮಾಡಬೇಕಿತ್ತು: ಅದರ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಈ ಹಣದಲ್ಲಿ ಕೊಳವೆ ಹಾಕಬಹುದಿತ್ತು, ಪಂಪು ಕೊಳ್ಳಬಹುದಿತ್ತು. ಆದರೆ ವಾಲಿನ ಪ್ಯಾಕಿಂಗ್ ಹೋದಾಗ, ರಾತ್ರಿ ಮೋಟಾರ್ ಸುಟ್ಟಾಗ ಬೇಕಾಗುವ ಹಣ ಪುರಸಭೆಯ ಸ್ವಂತ ನಿಧಿಯಿಂದಲೇ ಬರಬೇಕು, ಅದು ಬರುವುದು ಆಸ್ತಿ ತೆರಿಗೆ ಮತ್ತು ನೀರಿನ ಕರದಿಂದ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದವರಿಗೆ ಶೇ. 5ರ ರಿಯಾಯಿತಿ ಇದೆ. ನಾಲೆ ಬಂದ್ ಆಗುವ ತಿಂಗಳೂ ಅದೇ ಆದ್ದರಿಂದ ಬಿಲ್ ಕಲೆಕ್ಟರುಗಳು ನೀರು ಬಿಡುವ ಗಂಟೆಗೇ ಓಣಿಗೆ ಹೋಗುವಂತೆ ಮಾಡಿದೆವು. ಮನೆಯಲ್ಲಿ ಜನ ಸಿಗುತ್ತಿದ್ದರು, ಹೇಳಿದ ಹೊತ್ತಿಗೆ ಬಂದ ನೀರನ್ನು ಕಣ್ಣೆದುರೇ ಹಿಡಿಯುತ್ತ ಕರದ ಮಾತು ಕೇಳಿಸಿಕೊಳ್ಳುತ್ತಿದ್ದರು. ನೀರು ಯಾವಾಗ ಬರುತ್ತದೆಂದು ಹೇಳಲಾರದ ಪುರಸಭೆಗೆ ಕರ ಕೇಳುವ ಬಾಯಿ ಇರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೆರೆಯ ತಳ ಕಾಣುವ ಮೇ ಕೊನೆಯ ದಿನಗಳಲ್ಲಿ ನೀರಿನ ಗುಣದ ಮೇಲೆ ಎರಡರಷ್ಟು ನಿಗಾ ಬೇಕು. ಟ್ಯಾಂಕಿನಲ್ಲಿ ಕ್ಲೋರಿನ್ ಇದ್ದರೆ ಸಾಲದು, ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ಪರೀಕ್ಷೆಯ ಡಬ್ಬಿಯನ್ನು ವಾಲ್‌ಮನ್‌ಗಳಿಗೇ ಕೊಟ್ಟು, ಕೊಡ ತುಂಬುವ ಹೊತ್ತು ಬರೆಯುವ ಸಾಲಿನ ಪಕ್ಕದಲ್ಲೇ ಕ್ಲೋರಿನ್ ಇದ್ದರೆ ಬರುವ ಹಳದಿ ಬಣ್ಣ ಬಂತೋ ಇಲ್ಲವೋ ಎಂದು ಬರೆಸಿದೆವು. ಬಣ್ಣ ಬಾರದ ಕಡೆ ಹುಡುಕಿದರೆ ಹೆಚ್ಚಾಗಿ ಚರಂಡಿಯೊಳಗಿಂದ ಹಾದುಹೋದ ಒಡೆದ ಕೊಳವೆಯೇ ಸಿಗುತ್ತಿತ್ತು.

ಈ ಎಲ್ಲವನ್ನೂ ನಡೆಸಿದವರು ವಾಲ್‌ಮನ್‌ಗಳು, ಅವರಲ್ಲಿ ಬಹುಪಾಲು ಜನ ಹೊರಗುತ್ತಿಗೆಯವರು. ಪೌರಕಾರ್ಮಿಕರು ಹೋರಾಡಿ ನೇರಪಾವತಿ ಪಡೆದ ಮೇಲೂ ನೀರಿನ ಸಿಬ್ಬಂದಿಯ ಸಂಬಳ ಗುತ್ತಿಗೆದಾರರ ಕೈ ದಾಟಿಯೇ ಬರುತ್ತಿತ್ತು, ಎಷ್ಟೋ ಸಲ ತಡವಾಗಿ. ವರ್ಗಾವಣೆಯಾದಾಗ ನನ್ನ ನಂತರ ಬಂದವರಿಗೆ ಒಪ್ಪಿಸಿದ ಟಿಪ್ಪಣಿಯಲ್ಲಿ ನಾನು ವಾಲ್‌ಗಳ ಪಟ್ಟಿಗಿಂತ ಮೊದಲು ಇವರ ಬಾಕಿ ವೇತನದ ಪಟ್ಟಿಯನ್ನಿಟ್ಟೆ. ಗುತ್ತಿಗೆ ನವೀಕರಿಸುವಾಗ ಹಳೆಯ ಕೈಗಳನ್ನು ಬಿಡಿಸಕೂಡದೆಂದೂ, ಹೊಸಬರು ಬಂದರೆ ಕನಿಷ್ಠ ಒಂದು ಬೇಸಿಗೆಯಾದರೂ ಹಿರಿಯರ ಜೊತೆ ಚಾವಿ ಹಿಡಿಯಬೇಕೆಂದೂ ಅದರಲ್ಲಿ ಬರೆದಿದ್ದೇನೆ.